ಮಳೆ ಬರುವ ಮುನ್ನವೇ ಬರೆದಿಡಬೇಕಾದ ಪುಟಗಳು

ಮಳೆಗಾಲ ಆರಂಭವಾಯಿತೆಂದರೆ ಥಾಣೆ, ಕಲ್ಯಾಣ್, ಡೊಂಬಿವಲಿಯ ಮಾರುಕಟ್ಟೆಗಳಲ್ಲಿ ಆದಿವಾಸಿ ಮಹಿಳೆಯರು ಕಾಡುಸೊಪ್ಪಿನ ಕಟ್ಟುಗಳನ್ನು ಮಾರಾಟಕ್ಕೆ ತರುತ್ತಾರೆ. ಅವರು ‘ಟಾಕಳಾ’ ಎಂದು ಮಾರುವ ಸೊಪ್ಪೇ ನಮ್ಮ ಊರಿನ ತಗಟೆ, ತುಳುವರ ತಜಂಕ್. ‘ಅಳೂ’ ಎಂದರೆ ಕೆಸು, ‘ಮಾಯಾಳು’ ಎಂದರೆ ಬಸಳೆ, ‘ರುಖಾಳು’ ಎಂದರೆ ಮರಕೆಸು. ಊರಿನಿಂದ ಬಂದ ಹಿರಿಯರು ಎಲೆಯನ್ನು ನೋಡಿದೊಡನೆ ಇದನ್ನು ಹೇಳಬಲ್ಲರು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು, ಮೊಮ್ಮಕ್ಕಳು ಮಾತ್ರ ಮೊಬೈಲ್ ತೆರೆದು ಗೂಗಲ್‌ನಲ್ಲಿ ಹುಡುಕುತ್ತಾರೆ. ಹಾಗೆ ಹುಡುಕಿದಾಗ ಕನ್ನಡದಲ್ಲಿ ಸರಿಯಾದ ಉತ್ತರ ಸಿಗಬೇಕಾದರೆ ಅದನ್ನು ಯಾರಾದರೂ ಮೊದಲೇ ಬರೆದಿಟ್ಟಿರಬೇಕು.

ಸಂಘ–ಸಂಸ್ಥೆಗಳ ಜಾಲತಾಣಗಳಲ್ಲಿ ವಾರ್ಷಿಕೋತ್ಸವ, ಸನ್ಮಾನಗಳ ಭಾವಚಿತ್ರಗಳಿಗೆ ಕೊರತೆಯಿಲ್ಲ. ಅದೇ ಜಾಲತಾಣದಲ್ಲಿ ಋತುಮಾನಕ್ಕೆ ತಕ್ಕಂತೆ ಗಿಡ, ಸೊಪ್ಪು, ಹಕ್ಕಿ, ಹೂವುಗಳ ಬಗ್ಗೆ ಹತ್ತು–ಹನ್ನೆರಡು ಪುಟಗಳಿದ್ದರೆ ಸದಸ್ಯರಿಗೂ ಇತರರಿಗೂ ವರ್ಷವಿಡೀ ಉಪಯೋಗಕ್ಕೆ ಬರುತ್ತವೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಸಕಾಲದ ಯೋಜನೆ ಬೇಕು.

ಹುಡುಕಾಟಕ್ಕೂ ಋತುವಿದೆ

ಜನ ಯಾವ ಪದವನ್ನು ಯಾವ ತಿಂಗಳಲ್ಲಿ ಹೆಚ್ಚು ಹುಡುಕುತ್ತಾರೆ ಎಂಬುದನ್ನು ತೋರಿಸುವ ‘ಗೂಗಲ್ ಟ್ರೆಂಡ್ಸ್’ ಸೌಲಭ್ಯ 2006ರಲ್ಲಿ ಆರಂಭವಾಯಿತು. 2004ರಿಂದೀಚಿನ ಮಾಹಿತಿ ಅದರಲ್ಲಿ ಉಚಿತವಾಗಿ ಲಭ್ಯ. ಹೊಸದಾಗಿ ಹಾಕಿದ ಪುಟ ಶೋಧಯಂತ್ರದ ಗಮನಕ್ಕೆ ಬರಲು ಕೆಲವು ದಿನಗಳಿಂದ ಕೆಲವು ವಾರಗಳೇ ಹಿಡಿಯಬಹುದು. ಆದುದರಿಂದ ಮಳೆ ಬಿದ್ದ ಮೇಲೆ ಬಸಳೆಯ ಬಗ್ಗೆ ಬರೆದರೆ, ಓದುಗರಿಗೆ ಅದು ಕಾಣುವ ಹೊತ್ತಿಗೆ ನೆಡುವ ಕಾಲ ಮುಗಿದಿರುತ್ತದೆ.

ಹವಾಮಾನ ಇಲಾಖೆಯು 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ಮುಂಬಯಿಗೆ ಮುಂಗಾರು ಪ್ರವೇಶಿಸುವ ಸಾಮಾನ್ಯ ದಿನ ಜೂನ್ 11. ಮೃಗಶಿರಾ ಮಳೆಯ ಆರಂಭವೂ ಅದಕ್ಕೆ ಕೆಲವೇ ದಿನ ಮೊದಲು. ಬಾಲ್ಕನಿಯ ಕುಂಡಕ್ಕೆ ಮಣ್ಣು ಸಿದ್ಧಪಡಿಸುವುದು, ಬಸಳೆಯ ದಂಟು ಊರುವುದು ಇತ್ಯಾದಿ ವಿಷಯಗಳ ಪುಟ ಏಪ್ರಿಲ್ ಮಧ್ಯದಲ್ಲೇ ಜಾಲತಾಣದಲ್ಲಿರಬೇಕು. ಜುಲೈ ಮಧ್ಯದಿಂದ ಆರಂಭವಾಗುವ ಆಟಿಯ ಸೊಪ್ಪುಗಳ ಪುಟಕ್ಕೆ ಮೇ ತಿಂಗಳು ಸೂಕ್ತ. ಥಾಣೆ ಖಾರಿಗೆ ಬರುವ ರಾಜಹಂಸಗಳ ಪುಟವನ್ನು ಸೆಪ್ಟೆಂಬರಿನಲ್ಲಿ ಬರೆದಿಟ್ಟರೆ ನವೆಂಬರ್ ಹೊತ್ತಿಗೆ ನವಿ ಮುಂಬಯಿಯ ಕುಟುಂಬಗಳಿಗೆ ಸಿಗುತ್ತದೆ. ಈ ಖಾರಿಯ ಒಂದು ಭಾಗ 2015ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು.

ಹಬ್ಬದ ಪುಟಗಳಿಗೆ ಮಾತ್ರ ಇಂಗ್ಲಿಷ್ ತಿಂಗಳ ಲೆಕ್ಕ ಸಾಲದು, ಪಂಚಾಂಗವನ್ನೂ ನೋಡಬೇಕು. 2025ರ ಗಣೇಶ ಚತುರ್ಥಿ ಆಗಸ್ಟ್ 27ಕ್ಕೆ ಬಂದರೆ, ಅಧಿಕ ಮಾಸವಿರುವ 2026ರಲ್ಲಿ ಅದು ಸೆಪ್ಟೆಂಬರ್ 14ಕ್ಕೆ. ಪೂಜೆಯ ಪತ್ರೆಗಳನ್ನು ಹುಡುಕುವವರ ದಿನಗಳೂ ಅಷ್ಟೇ ಮುಂದೆ ಹೋಗುತ್ತವೆ. ಇನ್ನು ಥಾಣೆಯ ಯೇವೂರು ಬೆಟ್ಟದ ಕಾರ್ವಿ ಗಿಡಕ್ಕೆ ಎಂಟು ವರ್ಷಗಳ ಲೆಕ್ಕ. ಅದು 2016ರಲ್ಲಿ, ಬಳಿಕ 2024ರಲ್ಲಿ ಸಾಮೂಹಿಕವಾಗಿ ಅರಳಿತು. ಮುಂದಿನ ಸರದಿ 2032ರಲ್ಲಿ.

ಪ್ರತೀ ವರ್ಷ ಹೊಸ ಪುಟ ತೆರೆಯುವ ಅಗತ್ಯವಿಲ್ಲ. ಅದೇ ವಿಳಾಸದ ಪುಟವನ್ನು ಉಳಿಸಿಕೊಂಡು ದಿನಾಂಕ, ಮಾಹಿತಿಗಳನ್ನು ತಿದ್ದಿದರೆ ಹಿಂದೆ ಗಳಿಸಿದ ಓದುಗರು ಕೈತಪ್ಪುವುದಿಲ್ಲ.

ಹೆಸರುಗಳೆಲ್ಲ ಒಂದೆಡೆ

ನಮ್ಮ ಮಕ್ಕಳು ಒಂದೇ ಗಿಡವನ್ನು ಕನ್ನಡ, ತುಳು, ಮರಾಠಿ ಎಂದು ಹಲವು ಹೆಸರುಗಳಿಂದ ಹುಡುಕಬಹುದು. ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರೂ ಬಹಳ. ಇವೆಲ್ಲ ಒಂದೇ ಪುಟದಲ್ಲಿ, ಶಾಸ್ತ್ರೀಯ ನಾಮ ಮತ್ತು ಎಲೆಯ ಸ್ಪಷ್ಟ ಚಿತ್ರದೊಂದಿಗೆ ಇರಬೇಕು. ಓದುಗನ ಪ್ರಶ್ನೆಗೆ ನೇರ ಉತ್ತರವೂ ಇರಬೇಕು. ಪತ್ರೊಡೆ ತಿಂದರೆ ಗಂಟಲು ಏಕೆ ತುರಿಸುತ್ತದೆ? ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಹುಣಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸುವ ಅಜ್ಜಿಯಂದಿರ ಕ್ರಮಕ್ಕೆ ಇದೇ ಕಾರಣ.

ಸಂಘಗಳ ಹಳೆಯ ಸ್ಮರಣ ಸಂಚಿಕೆಗಳಲ್ಲಿ ಇಂತಹ ಬರಹಗಳು ಇದ್ದರೂ ಅಂತರ್ಜಾಲದಲ್ಲಿ ಕಾಣಿಸದಿರುವುದಕ್ಕೆ ತಾಂತ್ರಿಕ ಕಾರಣವೂ ಇದೆ. ಯುನಿಕೋಡ್‌ಗೆ ಮೊದಲಿನ ಫಾಂಟ್‌ಗಳಲ್ಲಿ ಅಚ್ಚಾದ ಲೇಖನ ನಮ್ಮ ಕಣ್ಣಿಗೆ ಕನ್ನಡವಾದರೂ ಶೋಧಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಅವುಗಳನ್ನು ಯುನಿಕೋಡ್‌ಗೆ ಬದಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಎಚ್ಚರಿಕೆ ಅಗತ್ಯ

ಹೆಚ್ಚು ಓದುಗರನ್ನು ಸೆಳೆಯುವ ಆತುರದಲ್ಲಿ ಬೇರೆಡೆಯ ಬರಹವನ್ನು ಎತ್ತಿ ಹಾಕುವುದು ಅಪಾಯಕಾರಿ. ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆ ಮರದ ಕಷಾಯವೇ ಉದಾಹರಣೆ. ಮರಾಠಿಯಲ್ಲಿ ‘ಸಾತ್ವಿಣ್’ ಎನ್ನುವ ಈ ಮರ ನಮ್ಮ ಉಪನಗರಗಳ ರಸ್ತೆ ಬದಿಯಲ್ಲೂ ಇದೆ. ಆದರೆ ಕತ್ತಲಲ್ಲಿ ಅಥವಾ ಅರಿವಿಲ್ಲದೆ ಕಾಸರ್ಕನ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು, ಏಕೆಂದರೆ ಅದರಲ್ಲಿ ಸ್ಟ್ರಿಕ್ನಿನ್ ಎಂಬ ತೀವ್ರ ವಿಷವಿದೆ. ಮರವನ್ನು ಗುರುತಿಸಲು ಬಲ್ಲ ಹಿರಿಯರು ನೋಡಿ ಒಪ್ಪದ ಯಾವ ಪುಟವನ್ನೂ ಪ್ರಕಟಿಸಬಾರದು. ತಜಂಕ್ ಇರಲಿ, ಮರಕೆಸು ಇರಲಿ, ಇದೇ ನಿಯಮ ಅನ್ವಯಿಸಬೇಕು.

ಗಿಡ ಬಲ್ಲ ಹಿರಿಯರು ಪ್ರತಿಯೊಂದು ಸಂಘದಲ್ಲೂ ಇದ್ದಾರೆ, ಮೊಬೈಲ್ ಬಲ್ಲ ಯುವಜನರೂ ಇದ್ದಾರೆ. ಮಹಿಳಾ ವಿಭಾಗ ಮತ್ತು ಯುವ ವಿಭಾಗ ತಿಂಗಳಿಗೊಮ್ಮೆ ಒಟ್ಟಿಗೆ ಕುಳಿತು ಒಬ್ಬರು ಹೇಳಿ, ಇನ್ನೊಬ್ಬರು ಬರೆದರೆ ವರ್ಷಕ್ಕೆ ಹನ್ನೆರಡು ಪುಟಗಳು ಸಿದ್ಧ. ಹಿರಿಯರ ನೆನಪಿನಲ್ಲಿ ಮಾತ್ರ ಇರುವ ಹೆಸರುಗಳು ಅವರೊಂದಿಗೇ ಮರೆಯಾದರೆ ಮತ್ತೆ ಯಾವ ಶೋಧಯಂತ್ರವೂ ಹುಡುಕಿಕೊಡಲಾರದು. ಕಾರ್ಯಕಾರಿ ಸಮಿತಿಗಳು ವರ್ಷದ ಕಾರ್ಯಕ್ರಮ ಪಟ್ಟಿ ಮಾಡುವಾಗಲೇ ಇದಕ್ಕೂ ಒಂದು ಸಾಲು ಮೀಸಲಿಡುವುದು ಒಳಿತು.