ಕೊನೆಯ ಸಾಲಿಗೂ ಕೇಳಿಸಬೇಕು

“ತಾತ, ನಾನು ನುಡಿಸಿದ್ದು ನಿನಗೆ ಕೇಳಿಸಿತಾ?”

ಕಳೆದ ವರ್ಷ ಶಾಲೆಯ ವಾರ್ಷಿಕೋತ್ಸವ ಮುಗಿಸಿಕೊಂಡು ಆಟೋದಲ್ಲಿ ಮನೆಗೆ ಬರುವಾಗ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ಅವಳು ಏಳನೇ ತರಗತಿ. ಪಿಟೀಲು ಕಲಿಯತೊಡಗಿ ಮೂರು ವರ್ಷ. ಅಂದು ಗೆಳತಿಯ ಹಾಡಿಗೆ ಇವಳದು ಪಕ್ಕವಾದ್ಯ. ಇದ್ದ ಒಂದೇ ಮೈಕು ಹಾಡುವವಳ ಮುಂದಿತ್ತು. ನಾನು ಕೂತಿದ್ದು ಕೊನೆಯ ಸಾಲಿನಲ್ಲಿ. ಕಮಾನು ಓಡಾಡಿದ್ದು ಕಂಡಿತೇ ಹೊರತು ನಾದ ಕೇಳಿಸಲಿಲ್ಲ. ಆದರೂ, “ಚೆನ್ನಾಗಿ ಕೇಳಿಸಿತಮ್ಮ” ಎಂದುಬಿಟ್ಟೆ.

“ಹಾಗಾದ್ರೆ ಎಲ್ಲಿ ತಪ್ಪಿದೆ, ಹೇಳು?”

ಸಿಕ್ಕಿಬಿದ್ದೆ! ಬ್ಯಾಂಕಿನಲ್ಲಿ ಗುಮಾಸ್ತನಾಗಿ ವರ್ಷಾನುಗಟ್ಟಲೆ ಲೆಕ್ಕ ತಾಳೆ ಮಾಡಿದವನಿಗೆ ಒಂದು ಸುಳ್ಳನ್ನು ತಾಳೆ ಮಾಡಲಾಗಲಿಲ್ಲ. ಮನೆಗೆ ಬಂದವಳೇ ಪಿಟೀಲಿನ ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟಳು. ಹತ್ತು ದಿನ ಇಳಿಸಲಿಲ್ಲ. “ಯಾರಿಗೂ ಕೇಳಿಸದೇ ಇರೋದನ್ನ ಯಾಕೆ ಕಲೀಬೇಕು?” ಎಂದಳು.

ಮುಂದಿನ ಭಾನುವಾರ ಅವಳನ್ನು ಬಸ್ಸು ಹತ್ತಿಸಿಕೊಂಡು ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನಕ್ಕೆ ಕರೆದೊಯ್ದೆ. ಮಕ್ಕಳೇ, ನೀವು ಅದನ್ನು ನೋಡಿದ್ದೀರಾ? ಕಟ್ಟಡಕ್ಕೆ ಕಟ್ಟಡವೇ ಪಿಟೀಲಿನ ಆಕಾರ! ತಂತಿ, ಬಿರಡೆ, ಕುದುರೆ, ಕಮಾನು ಎಲ್ಲವೂ ಇವೆ. ಕೆ.ಕೆ. ಮೂರ್ತಿಯವರ ಪರಿಶ್ರಮದಿಂದ ಎದ್ದ ಈ ಭವನ 1980ರಲ್ಲಿ ಆರಂಭವಾಯಿತು.

“ತಾತ, ಇದಕ್ಕೆ ಏಳು ತಂತಿ! ನನ್ನದಕ್ಕೆ ನಾಲ್ಕೇ ಅಲ್ವಾ?”

ನಾನು ಕಾಯುತ್ತಿದ್ದುದೂ ಆ ಪ್ರಶ್ನೆಗೇ. ಎದುರಿನ ಕಟ್ಟೆಯ ಮೇಲೆ ಕೂತು ಕತೆ ಹೇಳಿದೆ. ನಿಮಗೂ ಹೇಳುತ್ತೇನೆ.

ಕಾವೇರಿ, ಕಪಿಲೆ ನದಿಗಳು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಚೌಡಯ್ಯನವರು ಹುಟ್ಟಿದರು. 1910ರಲ್ಲಿ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ವಿಶೇಷವೇನು ಗೊತ್ತೇ? ಕೃಷ್ಣಪ್ಪನವರು ಹೆಸರಾಂತ ಗಾಯಕರು. ಪಿಟೀಲು ಕಲಿಯುವ ಹುಡುಗ ಹಾಡುವವರ ಬಳಿ ಕಲಿತ! ಅದರಲ್ಲಿ ಅರ್ಥವಿದೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಪಿಟೀಲು ಹಾಡಬೇಕು. ಸಾಹಿತ್ಯದ ಅಕ್ಷರ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎಳೆಯುತ್ತದೆ ಎಂಬುದು ನುಡಿಸುವವರಿಗೂ ಗೊತ್ತಿರಬೇಕು. ಗುರುಗಳು ಬಲು ಕಟ್ಟುನಿಟ್ಟು. ಸುಮಾರು ಎಂಟು ವರ್ಷ ಶಿಷ್ಯವೃತ್ತಿ ನಡೆಯಿತು.

ಆಮೇಲೆ ಚೌಡಯ್ಯನವರು ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದರು. ಪಕ್ಕವಾದ್ಯವೆಂದರೆ ಪಕ್ಕದಲ್ಲಿ ಸುಮ್ಮನೆ ಕೂರುವ ಕೆಲಸವಲ್ಲ. ಗಾಯಕರು ಆಲಾಪನೆ ಮಾಡುವಾಗ ನೆರಳಿನ ಹಾಗೆ ಹಿಂಬಾಲಿಸಬೇಕು. ಅವರು ಬಿಟ್ಟುಕೊಟ್ಟಾಗ ಅದೇ ರಾಗವನ್ನು ತಾನು ನುಡಿಸಬೇಕು. ಅವರು ಸ್ವರ ಹಾಕಿದರೆ ಆ ಗಳಿಗೆಯಲ್ಲೇ ಉತ್ತರ ಕೊಡಬೇಕು. ಮುಂದೆ ಏನು ಹಾಡುತ್ತಾರೆಂದು ಯಾರೂ ಬರೆದುಕೊಟ್ಟಿರುವುದಿಲ್ಲ. ಮೈಯೆಲ್ಲಾ ಕಿವಿಯಾಗಿರಬೇಕು.

ಆಗಿನ ಕಚೇರಿಗಳಲ್ಲಿ ಮೈಕು ಇರಲಿಲ್ಲ. ತುಂಬಿದ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲಿನ ನಾದ ಸರಿಯಾಗಿ ಮುಟ್ಟುತ್ತಿರಲಿಲ್ಲ. 1927ರ ಹೊತ್ತಿಗೆ ಚೌಡಯ್ಯನವರು ಆಗಲೇ ಹೆಸರು ಮಾಡಿದ್ದರು. ‘ಕೇಳಿಸದಿದ್ದರೆ ನಾನೇನು ಮಾಡಲಿ’ ಎಂದು ಸುಮ್ಮನಿರಬಹುದಿತ್ತು. ಅವರು ಹಾಗೆ ಮಾಡದೆ, ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ನಾದ ತುಂಬಿಕೊಂಡಿತು, ಕೆಲಸವೂ ಹೆಚ್ಚಿತು. ಏಳೂ ತಂತಿಗಳನ್ನು ಶ್ರುತಿ ಮಾಡಬೇಕು. ನಾಲ್ಕು ತಂತಿಗೆ ಪಳಗಿದ ಬೆರಳು, ಕಮಾನುಗಳನ್ನು ಮತ್ತೆ ಪಳಗಿಸಬೇಕು. ಹೆಸರು ಬಂದ ಮೇಲೆ ಹಾಗೆ ಸಾಧನೆಗೆ ಕೂರುವುದು ಸುಲಭವಲ್ಲ.

ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. ತಮ್ಮ ರಚನೆಗಳಿಗೆ ಹುಟ್ಟೂರನ್ನು ನೆನಪಿಸುವ ‘ತ್ರಿಮಕುಟ’ ಎಂಬ ಅಂಕಿತ ಇಟ್ಟುಕೊಂಡರು. 1943ರಲ್ಲಿ ‘ವಾಣಿ’ ಎಂಬ ಕನ್ನಡ ಚಲನಚಿತ್ರವನ್ನೂ ತೆಗೆದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಬಂತು. ಇಷ್ಟರ ನಡುವೆ ಪಾಠ ಹೇಳುವುದನ್ನು ಬಿಡಲಿಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಮುಂತಾದ ವಿದ್ವಾಂಸರು ಅವರ ಶಿಷ್ಯರು. 1967ರಲ್ಲಿ ಅವರು ತೀರಿಕೊಂಡರು. ಜನ ಮಾತ್ರ ಈಗಲೂ ‘ಪಿಟೀಲು ಚೌಡಯ್ಯ’ ಎಂದೇ ಕರೆಯುತ್ತಾರೆ. ವಾದ್ಯವೇ ಮನೆತನದ ಹೆಸರಿನಂತೆ ಅಂಟಿಕೊಂಡಿದೆ.

ಮೊಮ್ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇದೇ ಸಮಯವೆಂದು ನಾನೂ ತಪ್ಪೊಪ್ಪಿಕೊಂಡೆ. “ಪುಟ್ಟಿ, ಅವತ್ತು ನೀನು ನುಡಿಸಿದ್ದು ನನಗೆ ಕೇಳಿಸಲಿಲ್ಲಮ್ಮ. ಸುಳ್ಳು ಹೇಳಿದೆ.”

“ಗೊತ್ತು ತಾತ” ಎಂದು ನಕ್ಕಳು.

ಅಂದು ಸಂಜೆ ಪೆಟ್ಟಿಗೆ ಬೀರುವಿನಿಂದ ಕೆಳಗಿಳಿಯಿತು. ಕಮಾನಿಗೆ ರಾಳ ಹಚ್ಚಿದಳು, ಶ್ರುತಿ ಮಾಡಿದಳು. ನನಗೊಂದು ಕೆಲಸವನ್ನೂ ಕೊಟ್ಟಳು: “ತಾತ, ನೀನು ಅಡುಗೆಮನೆ ಬಾಗಿಲಲ್ಲಿ ಕೂತ್ಕೋ. ಕೇಳಿಸದಿದ್ರೆ ಕೇಳಿಸಲಿಲ್ಲ ಅಂತಾನೇ ಹೇಳಬೇಕು.”

ಈಗ ನನ್ನ ಕುರ್ಚಿ ಅಡುಗೆಮನೆ ದಾಟಿ ಹಿತ್ತಿಲಿಗೆ ಹೋಗಿದೆ. ನಿನ್ನೆ ಸಂಜೆ ತುಳಸಿಕಟ್ಟೆಯ ಬಳಿ ಕೂತಿದ್ದೆ. ಮೋಹನ ರಾಗದ ವರ್ಣ ಅಲ್ಲಿಗೂ ಬಂತು. ನಡುವೆ ಒಂದು ಕಡೆ ಶ್ರುತಿ ತಪ್ಪಿತು. ಅದೂ ಕೇಳಿಸಿತು. ಒಳಗೆ ಹೋಗಿ ಹಾಗೆಂದೇ ಹೇಳಿದೆ.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಮಗು ಏನಾದರೂ ಕಲಿಯುತ್ತಿದ್ದರೆ ದಿನಕ್ಕೆ ಅರ್ಧ ಗಂಟೆ ಹಿಂದಿನ ಸಾಲಿನ ಕೇಳುಗರಾಗಿ. ಕೇಳಿಸಿದ್ದನ್ನು ಕೇಳಿಸಿತೆನ್ನಿ, ಕೇಳಿಸದಿದ್ದರೆ ಹಾಗೆಂದೇ ಹೇಳಿ. ಮಕ್ಕಳಿಗೆ ಬೇಕಾದದ್ದು ಅಷ್ಟೇ.