ಕಣ್ಣಿಗೂ ಮೂಗಿಗೂ ನಡುವಿನ ಕಾಗದ

ಒಣಗಿದ ತಲೆಬುರುಡೆಯೊಂದನ್ನು ಬೆಳಕಿಗೆ ಹಿಡಿದರೆ, ಕಣ್ಣಿನ ಗೂಡಿನ ಒಳಗೋಡೆಯ ಮೂಲಕ ಬೆಳಕು ಮಂದವಾಗಿ ಹಾಯುತ್ತದೆ. ಮೂಗಿನ ಕಡೆಗಿರುವ ಆ ಮೂಳೆಯ ದಪ್ಪ ಸುಮಾರು 0.2ರಿಂದ 0.4 ಮಿಲಿಮೀಟರ್, ಅಷ್ಟೇ. ಅಂಗರಚನಾ ಶಾಸ್ತ್ರದವರು ಅದಕ್ಕಿಟ್ಟ ಹೆಸರು ‘ಲ್ಯಾಮಿನಾ ಪ್ಯಾಪಿರೇಸಿಯಾ’, ಅಂದರೆ ಕಾಗದದಂಥ ಪದರ. ಕಿವಿಯ ಕಡೆಯ ಗೋಡೆ ಪೆಟ್ಟು ತಡೆಯುವಷ್ಟು ಗಟ್ಟಿ. ಇದೋ ತಟ್ಟಿಗಿಂತ ತೆಳು. ಸಾಲದ್ದಕ್ಕೆ ನರ, ರಕ್ತನಾಳಗಳು ನುಸುಳಲು ಅದರಲ್ಲಿ ಸಣ್ಣ ತೂತುಗಳೂ ಇವೆ.

ಈ ಕಾಗದದ ಆಚೆಗಿರುವುದು ಎಥ್ಮಾಯ್ಡ್ ಸೈನಸ್, ಜೇನುಗೂಡಿನಂತೆ ಒತ್ತೊತ್ತಾಗಿ ಕೂತ ಗಾಳಿಯ ಕೋಣೆಗಳು. ಹಣೆಯ ಸೈನಸ್ ಬೆಳೆಯಲು ವರ್ಷಗಳೇ ಬೇಕು. ಇವು ಹುಟ್ಟುವಾಗಲೇ ಇರುತ್ತವೆ. ಹಾಗಾಗಿ ಇಲ್ಲಿನ ಸೋಂಕು ಕಣ್ಣಿನ ಗೂಡಿಗೆ ಹರಡುವ ತೊಂದರೆಗೆ ಹೆಚ್ಚಾಗಿ ಸಿಲುಕುವವರು ಮಕ್ಕಳು. ನೆಗಡಿಯಾದಾಗ ಒಳಪೊರೆ ಬಾತು ಕೋಣೆಗಳ ಬಾಯಿ ಮುಚ್ಚುತ್ತದೆ. ಒಳಗೆ ನಿಂತ ಸಿಂಬಳದಲ್ಲಿ ಸ್ಟ್ರೆಪ್ಟೋಕಾಕಸ್, ಸ್ಟ್ಯಾಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾ ಹೆಚ್ಚಿ ಕೀವಾಗುತ್ತದೆ. ಆ ಕೀವಿಗೆ ಹತ್ತಿರದ ದಾರಿ ಕಣ್ಣಿನ ಗೂಡು.

ಗೂಡಿನ ಅಳತೆ ಸುಮಾರು 30 ಮಿಲಿಲೀಟರ್, ಗುಡ್ಡೆಯದು ಏಳರ ಆಸುಪಾಸು. ಉಳಿದ ಜಾಗವನ್ನು ಕೊಬ್ಬು, ಸ್ನಾಯು, ನರಗಳು ತುಂಬಿವೆ. ಸುತ್ತ ಮೂಳೆ, ತೆರೆದಿರುವುದು ಮುಂದೆ ಮಾತ್ರ. ಒಂದೆರಡು ಚಮಚ ಕೀವು ಸೇರಿದರೂ ಗುಡ್ಡೆ ಮುಂದಕ್ಕೆ ದೂಡಿಸಿಕೊಳ್ಳುತ್ತದೆ. ದೃಷ್ಟಿನರ ಕೊಂಚ ಸಡಿಲವಾಗಿ, ಬಳುಕಿಕೊಂಡು ಇರುವುದರಿಂದ ಸ್ವಲ್ಪ ದೂರ ತಾಳಿಕೊಳ್ಳುತ್ತದೆ. ಆಮೇಲೆ ಅದು ಬಿಗಿಯುತ್ತದೆ, ಒತ್ತಡಕ್ಕೆ ರಕ್ತದ ಹರಿವು ಕುಗ್ಗುತ್ತದೆ. ಆಗ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು.

ಮಗುವಿಗೆ ವಾರದಿಂದ ನೆಗಡಿ, ಜ್ವರ; ಬೆಳಿಗ್ಗೆ ಏಳುವಾಗ ಒಂದು ಕಣ್ಣು ಬಾತಿದೆ. ‘ಹುಳ ಕಚ್ಚಿರಬೇಕು’ ಎಂದು ಶಾಖ ಕೊಡುವ ಮನೆಗಳು ಎಷ್ಟಿಲ್ಲ! ದಯವಿಟ್ಟು ಆ ಒಂದು ದಿನವನ್ನು ಕಳೆಯಬೇಡಿ. ರೆಪ್ಪೆಯೊಳಗೆ ಒಂದು ತೆಳು ಪೊರೆಯಿದೆ. ಸೋಂಕು ಅದರ ಮುಂದೆಯೇ ನಿಂತಿದ್ದರೆ ರೆಪ್ಪೆ ಎಷ್ಟೇ ಊದಿದರೂ ಗುಡ್ಡೆ ಸಲೀಸಾಗಿ ಹೊರಳುತ್ತದೆ, ನೋಟ ಸರಿಯಿರುತ್ತದೆ. ಅದಕ್ಕೂ ವೈದ್ಯರು ಬೇಕು. ಪೊರೆಯ ಹಿಂದಕ್ಕೆ ಇಳಿದಿದ್ದರೆ ಕಣ್ಣು ಹೊರಳಿಸಿದಾಗ ನೋವು, ಎರಡೆರಡಾಗಿ ಕಾಣುವುದು, ಗುಡ್ಡೆ ಮುಂದೆ ಬಂದಂತಿರುವುದು. ಒಂದೊಂದೇ ಕಣ್ಣಿನಿಂದ ನೋಡುವಾಗ ಕೆಂಪು ಬಣ್ಣ ಬಾತ ಕಣ್ಣಿಗೆ ಮಾಸಿದಂತೆ ಕಂಡರೆ ದೃಷ್ಟಿನರ ನರಳುತ್ತಿದೆ ಎಂದೇ ತಿಳಿಯಬೇಕು. ಪೊರೆಯ ಹಿಂದಕ್ಕಿಳಿದ ಈ ಸೋಂಕೇ ಆರ್ಬಿಟಲ್ ಸೆಲ್ಯುಲೈಟಿಸ್. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಗೂಡಿನ ರಕ್ತನಾಳಗಳು ಮಿದುಳಿನ ಬುಡದವರೆಗೂ ಹೋಗುತ್ತವೆ. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಇದು ಕಣ್ಣನ್ನಷ್ಟೇ ಅಲ್ಲ, ಜೀವವನ್ನೂ ಒಯ್ಯುತ್ತಿತ್ತು.

ಒಂದು ಕಾಲಕ್ಕೆ ಪುಟ್ಟ ಮಕ್ಕಳಲ್ಲಿ ಹಿಬ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಮುಖ್ಯ ಕಾರಣವಾಗಿತ್ತು. ಲಸಿಕೆ ಬಂದ ಮೇಲೆ ಅದು ತೀರಾ ಇಳಿಯಿತು. ನಮ್ಮಲ್ಲಿ 6, 10, 14ನೇ ವಾರಗಳಲ್ಲಿ ಹಾಕುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಹಿಬ್ ಲಸಿಕೆಯೂ ಇದೆ. 2021ರಿಂದ, ಸ್ಟ್ರೆಪ್ಟೋಕಾಕಸ್‌ನದೇ ಒಂದು ಬಗೆಯಾದ ನ್ಯೂಮೋಕಾಕಸ್‌ನ ಲಸಿಕೆಯೂ ದೇಶದ ಎಲ್ಲೆಡೆ ಉಚಿತ.

ಇಷ್ಟಾದರೂ ಸೋಂಕು ತಗುಲಿದರೆ, ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಕೀವಿನ ಜಾಗ ತೋರಿಸುತ್ತದೆ. ಕಣ್ಣಿನ ವೈದ್ಯರು, ಮೂಗಿನ ವೈದ್ಯರು ಇಬ್ಬರೂ ಕೂಡಿ ನೋಡುತ್ತಾರೆ. ರಕ್ತನಾಳಕ್ಕೆ ಕೊಟ್ಟ ಔಷಧಿಗೇ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ. ಗುಣವಾಗದಿದ್ದರೆ ಮೂಗಿನ ಹೊಳ್ಳೆಯಿಂದ ಎಂಡೋಸ್ಕೋಪ್ ತೂರಿಸಿ, ಎಥ್ಮಾಯ್ಡ್ ಕೋಣೆಗಳನ್ನು ದಾಟಿ, ಆ ಕಾಗದದಂಥ ಮೂಳೆಯ ಒಂದು ಚೂರನ್ನು ತೆಗೆದು ಕೀವನ್ನು ಮೂಗಿಗೇ ಇಳಿಸುತ್ತಾರೆ.