ಜರ್ಮನ್ ನಗರದ ದಿನಚರಿ ಮತ್ತು ನಮ್ಮ ಮನೆಮಾತು

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಪರದೇಶದಲ್ಲಿ ಹೇಗೆ ಬದುಕಿಯಾರು? ಶಾಲಾ ದಾಖಲಾತಿಯ ಕಾಲದಲ್ಲಿ ಹೆತ್ತವರು ನಮ್ಮನ್ನು ಕೇಳುವ ಪ್ರಶ್ನೆಯಿದು. ಉತ್ತರಕ್ಕಾಗಿ ಜರ್ಮನಿಯ ಕೊಲೋನ್ ನಗರದ ದಿನಚರಿಯನ್ನು ನೋಡೋಣ.

ಹೊಸಬರು ಮನೆ ಸೇರಿದ 2 ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಅದಕ್ಕೆ ಮನೆಮಾಲೀಕರ ದೃಢೀಕರಣ ಪತ್ರ ಬೇಕು. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುವುದರಿಂದ ಅಕ್ಕಿ, ತರಕಾರಿ ಶನಿವಾರವೇ ಮನೆ ಸೇರಬೇಕು. ರಾತ್ರಿ 10ರ ಬಳಿಕ ನೆರೆಮನೆಗೆ ಸದ್ದು ಕೇಳಿಸಬಾರದು. ಕಾಗದ, ಗಾಜು, ಹಸಿಕಸಗಳನ್ನು ಬೇರೆ ಬೇರೆಯಾಗಿ ಹಾಕಬೇಕು.

ಬಾಡಿಗೆ ಕರಾರು, ಕಚೇರಿಯ ಪತ್ರ, ಶಾಲೆಯ ಸೂಚನೆಗಳೆಲ್ಲ ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿರುತ್ತವೆ. ಇಂಗ್ಲಿಷೊಂದೇ ಅಲ್ಲಿ ಸಾಲದು. ವಲಸಿಗರಿಗಾಗಿ ಸರಕಾರ ರೂಪಿಸಿರುವ ಸಾಮಾನ್ಯ ಕೋರ್ಸಿನಲ್ಲಿ 600 ಪಾಠಾವಧಿಗಳು ಜರ್ಮನ್ ಭಾಷೆಗೇ ಮೀಸಲು. ಮಕ್ಕಳು ಸೇರುವ ಸಾಮಾನ್ಯ ಶಾಲೆಗಳ ಮಾಧ್ಯಮವೂ ಅದೇ. ಆದರೂ ಆ ರಾಜ್ಯದಲ್ಲಿ ಟರ್ಕಿಷ್, ಪೋಲಿಷ್, ಇಟಾಲಿಯನ್ ಮುಂತಾದ ಮನೆಮಾತುಗಳನ್ನು ಸರಕಾರಿ ವ್ಯವಸ್ಥೆಯಲ್ಲೇ ಹೆಚ್ಚುವರಿ ತರಗತಿಗಳಾಗಿ ಕಲಿಸುತ್ತಾರೆ.

ಅಲ್ಲಿನವರು ವಲಸೆ ಹೋದವರು. ನಾವಾದರೋ ಇದ್ದ ನೆಲದಲ್ಲೇ ಗಡಿರೇಖೆಯಿಂದ ಅಲ್ಪಸಂಖ್ಯಾತರಾದವರು. ನಮ್ಮ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆ ದೊರೆಯುವಂತೆ ನೋಡಿಕೊಳ್ಳಬೇಕೆಂದು ಸಂವಿಧಾನದ 350ಎ ವಿಧಿಯೇ ರಾಜ್ಯಗಳಿಗೆ ಹೇಳುತ್ತದೆ.

ಯಾವ ಮಾಧ್ಯಮದಲ್ಲಿ ಓದಿದ ಮಗುವಾದರೂ ಅಲ್ಲಿ ಜರ್ಮನ್ ಭಾಷೆಯನ್ನು ಹೊಸದಾಗಿಯೇ ಕಲಿಯಬೇಕು. ಕನ್ನಡದೊಡನೆ ರಾಜ್ಯಭಾಷೆಯನ್ನೂ ಇಂಗ್ಲಿಷನ್ನೂ ಕಲಿಯುವ ನಮ್ಮ ಮಕ್ಕಳಿಗೆ ಹೊಸ ಭಾಷೆಯ ಭಯವಿರಬೇಕಾಗಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸೋಣ. ಅದಕ್ಕಾಗಿ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವ ಅಗತ್ಯವಿಲ್ಲ.